ಗ್ರಾಫ್ ಓಡುತ್ತಿದ್ದರೆ ಮಗು ಕ್ಷೇಮವೇ?

"ಮಗುವಿನ ಹಾರ್ಟ್‌ಬೀಟ್ ಇಳೀತಾ ಇದೆ, ಇಲ್ಲಿ ಸಹಿ ಹಾಕಿ." ಹೆರಿಗೆ ಕೋಣೆಯ ಬಾಗಿಲಲ್ಲಿ ಈ ಮಾತು ಕೇಳಿದ ಯಾವ ಗಂಡನೂ, ಯಾವ ತಾಯಿಯೂ ಮರುಪ್ರಶ್ನೆ ಹಾಕುವುದಿಲ್ಲ. ಹಾಕುವ ಹೊತ್ತೂ ಅದಲ್ಲ. ಆ ಸಹಿಯನ್ನು ನಾನು ಪ್ರಶ್ನಿಸುತ್ತಿಲ್ಲ. ಅದಕ್ಕೂ ಹಲವು ಗಂಟೆ ಮೊದಲು ದಿನ ತುಂಬಿದ ಹೆಂಗಸು ವಾರ್ಡಿಗೆ ಬಂದು ಮಲಗುತ್ತಾಳೆ, ಅವಳ ಹೊಟ್ಟೆಗೆ ಎರಡು ಬೆಲ್ಟ್ ಕಟ್ಟುತ್ತಾರೆ, ಪಕ್ಕದ ಪೆಟ್ಟಿಗೆಯಿಂದ ಗ್ರಾಫ್ ಕಾಗದ ಹೊರಬರತೊಡಗುತ್ತದೆ. ಆಗ ಮನೆಯವರೂ ಆಸ್ಪತ್ರೆಯವರೂ ಒಟ್ಟಿಗೆ ಬಿಡುವ ನೆಮ್ಮದಿಯ ಉಸಿರಿದೆಯಲ್ಲ, ನನ್ನ ತಕರಾರು ಅದರ ಮೇಲೆ. "ಮೆಷಿನ್ ಹಾಕಿದ್ದಾರೆ, ಇನ್ನೇನೂ ಭಯವಿಲ್ಲ" ಎಂಬ ನಂಬಿಕೆ ಇಂದು ಹಳ್ಳಿಯಿಂದ ಮಹಾನಗರದವರೆಗೆ ಹಬ್ಬಿದೆ. ಆ ನಂಬಿಕೆ ತಪ್ಪು. ಅದರಿಂದ ತಾಯಂದಿರಿಗೂ ಮಕ್ಕಳಿಗೂ ಹಾನಿಯಾಗುತ್ತಿದೆ.

ವೈದ್ಯರು ಈ ಯಂತ್ರವನ್ನು ಸಿಟಿಜಿ ಎನ್ನುತ್ತಾರೆ. ಬೇನೆ ಶುರುವಾಗುವ ಮುನ್ನ ಇದರಲ್ಲೇ ಮಾಡುವ ಪರೀಕ್ಷೆ ಎನ್‌ಎಸ್‌ಟಿ ಎಂಬ ಹೆಸರಿನಲ್ಲಿ ಎಲ್ಲರ ಬಾಯಲ್ಲಿದೆ. ಒಂದು ಬೆಲ್ಟ್ ಮಗುವಿನ ಎದೆಬಡಿತವನ್ನು ಹಿಡಿದರೆ ಇನ್ನೊಂದು ಗರ್ಭಕೋಶ ಬಿಗಿಯುವುದನ್ನು ಹಿಡಿಯುತ್ತದೆ. ಎರಡೂ ಒಂದೇ ಕಾಗದದ ಮೇಲೆ ಗೆರೆಗಳಾಗಿ ಮೂಡುತ್ತವೆ. ಎದೆಬಡಿತ ನಿಮಿಷಕ್ಕೆ 110ರಿಂದ 160ರೊಳಗಿದ್ದರೆ ಸಹಜ. ಇಷ್ಟು ವಿವರವಾಗಿ, ಒಂದು ಕ್ಷಣವೂ ಬಿಡದೆ ಮಗುವನ್ನು ಗಮನಿಸುವ ಸಾಧನ ಮಗುವನ್ನು ಉಳಿಸಿಯೇ ತೀರುತ್ತದೆ ಎಂದು ಯಾರಿಗಾದರೂ ಅನ್ನಿಸುತ್ತದೆ. ವೈದ್ಯಲೋಕಕ್ಕೂ ಹಾಗೆಯೇ ಅನ್ನಿಸಿತು, ಮತ್ತು ಪರೀಕ್ಷಿಸಿ ನೋಡುವ ಮೊದಲೇ ಅದು ನಂಬಿತು.

ಹೊಟ್ಟೆಯೊಳಗಿನ ಮಗುವಿನ ಎದೆಬಡಿತಕ್ಕೆ ಕಿವಿಗೊಡುವುದು ಹೊಸ ವಿದ್ಯೆಯಲ್ಲ. ಲೆನೆಕ್ ಸ್ಟೆತಸ್ಕೋಪ್ ಕಂಡುಹಿಡಿದ ಕೆಲವೇ ವರ್ಷಗಳಲ್ಲಿ, 1821ರಲ್ಲಿ, ಪ್ಯಾರಿಸ್‌ನ ಕೆರ್ಗರಾಡೆಕ್ ಎಂಬ ವೈದ್ಯ ಇದರ ಉಪಯೋಗವನ್ನು ವೈದ್ಯ ಅಕಾಡೆಮಿಯ ಮುಂದಿಟ್ಟ. 1895ರಲ್ಲಿ ಅಡಾಲ್ಫ್ ಪಿನಾರ್ಡ್ ರೂಪಿಸಿದ ತುತ್ತೂರಿಯಾಕಾರದ ಪುಟ್ಟ ಕೊಳವೆ ಇಂದಿಗೂ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೇಜಿನ ಡ್ರಾಯರಿನಲ್ಲಿ ಸಿಗುತ್ತದೆ. ವಿದ್ಯುತ್ ಯಂತ್ರ ಬಂದಿದ್ದು 1950ರ ದಶಕದ ಕೊನೆಯಲ್ಲಿ, ಅಮೆರಿಕದ ಯೇಲ್‌ನಲ್ಲಿ ಎಡ್ವರ್ಡ್ ಹಾನ್ ನಡೆಸಿದ ಕೆಲಸದಿಂದ. 1960ರ ದಶಕ ಮುಗಿಯುವಷ್ಟರಲ್ಲಿ ಅದು ಮಾರುಕಟ್ಟೆಗಿಳಿಯಿತು, ಎಪ್ಪತ್ತರ ದಶಕದಲ್ಲಿ ಅಮೆರಿಕದ ಹೆರಿಗೆ ಕೋಣೆಗಳಲ್ಲಿ ತಳವೂರಿತು. ಹೆರಿಗೆಯ ಹೊತ್ತಿನಲ್ಲಿ ಮಕ್ಕಳು ಸಾಯುವುದು ನಿಲ್ಲುತ್ತದೆ, ಸೆರೆಬ್ರಲ್ ಪಾಲ್ಸಿಯಂಥ ಅಂಗವೈಕಲ್ಯ ಇಲ್ಲವಾಗುತ್ತದೆ ಎಂಬುದು ಆಗಿನ ಆಶ್ವಾಸನೆ. ಆ ಆಶ್ವಾಸನೆಯನ್ನು ಸರಿಯಾಗಿ ಪರೀಕ್ಷಿಸಿದ ಮೊದಲ ಪ್ರಯೋಗ ಪ್ರಕಟವಾಗಿದ್ದು 1976ರಲ್ಲಿ. ಡೆನ್ವರ್‌ನಲ್ಲಿ ಹ್ಯಾವರ್‌ಕ್ಯಾಂಪ್ ಮತ್ತು ಸಂಗಡಿಗರು ಅಪಾಯ ಹೆಚ್ಚಿದ್ದ 483 ಗರ್ಭಿಣಿಯರನ್ನು ಎರಡು ಗುಂಪು ಮಾಡಿ ಒಂದಕ್ಕೆ ಯಂತ್ರ ಕಟ್ಟಿದರು, ಇನ್ನೊಂದರಲ್ಲಿ ನರ್ಸ್ ಆಗಾಗ ಕಿವಿಗೊಟ್ಟು ಕೇಳುವ ವ್ಯವಸ್ಥೆ ಮಾಡಿದರು. ಮಕ್ಕಳ ಸ್ಥಿತಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಯಂತ್ರ ಕಟ್ಟಿದವರಲ್ಲಿ ಸಿಸೇರಿಯನ್ ಮಾತ್ರ ಎರಡು ಪಟ್ಟಿಗಿಂತ ಹೆಚ್ಚಾಗಿತ್ತು.

ಅಂದಿನಿಂದ ನಡೆದ ದೊಡ್ಡ ಪ್ರಯೋಗಗಳಲ್ಲಿ ಡಬ್ಲಿನ್‌ನದು ಒಂದು. 1985ರಲ್ಲಿ ಪ್ರಕಟವಾದ ಅದರಲ್ಲಿ 12,964 ಮಹಿಳೆಯರಿದ್ದರು. ಯಂತ್ರದ ಗುಂಪಿನಲ್ಲಿ ಹುಟ್ಟಿದ ಮಕ್ಕಳಿಗೆ ಮೊದಲ ದಿನಗಳಲ್ಲಿ ಫಿಟ್ಸ್ ಬರುವುದು ಅರ್ಧಕ್ಕಿಂತ ಕಡಿಮೆಯಾಯಿತು. 27 ಇದ್ದದ್ದು 12ಕ್ಕಿಳಿಯಿತು. ಇದನ್ನು ನಾನು ಮುಚ್ಚಿಡುವುದಿಲ್ಲ, ಯಂತ್ರದ ಪರವಾಗಿ ಇರುವ ಗಟ್ಟಿ ಸಾಕ್ಷ್ಯ ಇದೇ. ಆದರೆ ಸತ್ತ ಮಕ್ಕಳ ಸಂಖ್ಯೆ ಎರಡೂ ಗುಂಪಿನಲ್ಲಿ 14. ನಾಲ್ಕು ವರ್ಷಗಳ ನಂತರ ಮಕ್ಕಳನ್ನು ಮತ್ತೆ ಹುಡುಕಿ ನೋಡಿದಾಗ ಸೆರೆಬ್ರಲ್ ಪಾಲ್ಸಿಯ ಪ್ರಮಾಣ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಆಗಿತ್ತು. ಹದಿಮೂರು ಪ್ರಯೋಗಗಳನ್ನು, 37,000ಕ್ಕೂ ಹೆಚ್ಚು ಮಹಿಳೆಯರ ವಿವರವನ್ನು ಕೂಡಿಸಿ ಕಾಕ್ರೇನ್ ಸಂಸ್ಥೆ ನಡೆಸಿದ ಪರಾಮರ್ಶೆಯೂ ಅದನ್ನೇ ಹೇಳುತ್ತದೆ. ಫಿಟ್ಸ್ ಅರ್ಧಕ್ಕಿಳಿಯುತ್ತದೆ, ಸಾವಿನಲ್ಲಿ, ಸೆರೆಬ್ರಲ್ ಪಾಲ್ಸಿಯಲ್ಲಿ ಗುರುತಿಸಬಹುದಾದ ಇಳಿಕೆಯಿಲ್ಲ, ಸಿಸೇರಿಯನ್ ಶೇ. 60ರಷ್ಟು ಹೆಚ್ಚುತ್ತದೆ. 1993ರ ಅಥೆನ್ಸ್ ಪ್ರಯೋಗವೊಂದು ಯಂತ್ರದಿಂದ ಮಕ್ಕಳ ಸಾವು ಕಡಿಮೆಯಾಯಿತೆಂದು ಹೇಳಿತ್ತು. ಯಂತ್ರವಾದಿಗಳು ಅದನ್ನು ಇಂದಿಗೂ ಉಲ್ಲೇಖಿಸುತ್ತಾರೆ, ಉಲ್ಲೇಖಿಸಲಿ. ಆದರೆ ಆ ಪ್ರಯೋಗವೂ ಒಟ್ಟು ಲೆಕ್ಕದೊಳಗೆ ಸೇರಿಕೊಂಡೇ ಈ ತೀರ್ಮಾನ ಹೊರಬಂದಿದೆ.

ಡಬ್ಲಿನ್‌ನ ಬಗ್ಗೆ ಇನ್ನೊಂದು ಮಾತನ್ನು ನಮ್ಮವರು ಓದದೆ ದಾಟಿಬಿಡುತ್ತಾರೆ. ಅಲ್ಲಿ ಯಂತ್ರ ಕಟ್ಟಿಯೂ ಸಿಸೇರಿಯನ್ ಏರಲಿಲ್ಲ, ಎರಡೂ ಗುಂಪಿನಲ್ಲಿ ನೂರಕ್ಕೆ ಎರಡು ಚಿಲ್ಲರೆಯಷ್ಟೇ ಇತ್ತು. ಕಾರಣ ಯಂತ್ರದ ಗುಣವಲ್ಲ. ಆ ಆಸ್ಪತ್ರೆಯಲ್ಲಿ ಬೇನೆ ತಿನ್ನುವ ಪ್ರತಿ ಹೆಂಗಸಿನ ಪಕ್ಕದಲ್ಲೂ ಅವಳಿಗೇ ಎಂದು ಒಬ್ಬ ದಾದಿ ಇರುತ್ತಿದ್ದಳು. ಗ್ರಾಫ್ ಅನುಮಾನ ಹುಟ್ಟಿಸಿದರೆ ಮಗುವಿನ ನೆತ್ತಿಯಿಂದ ಒಂದು ಹನಿ ರಕ್ತ ತೆಗೆದು ಅದರ ಆಮ್ಲೀಯತೆಯನ್ನು ಅಳೆಯುವ ಸೌಲಭ್ಯವಿತ್ತು. ಅನುಮಾನ ನಿಜವೋ ಸುಳ್ಳೋ ತಿಳಿದ ಮೇಲೆ ಕತ್ತರಿ ಕೈಗೆ ಬರುತ್ತಿತ್ತು. ನಾವು ಅಲ್ಲಿಂದ ಯಂತ್ರವನ್ನು ತಂದೆವು. ದಾದಿಯನ್ನು ತರಲಿಲ್ಲ, ನೆತ್ತಿಯ ರಕ್ತದ ಪರೀಕ್ಷೆಯನ್ನೂ ತರಲಿಲ್ಲ. ಆ ಪರೀಕ್ಷೆ ನಮ್ಮಲ್ಲಿ ಬಹುಪಾಲು ಆಸ್ಪತ್ರೆಗಳಲ್ಲಿ ಇಲ್ಲ. ಹಾಗಾಗಿ ಅನುಮಾನ ಹುಟ್ಟಿದರೆ ಉಳಿಯುವ ದಾರಿ ಆಪರೇಷನ್ ಥಿಯೇಟರ್ ಒಂದೇ.

ಯಂತ್ರ ಯಾಕೆ ಸೋಲುತ್ತದೆ ಎಂಬುದು ಶರೀರವನ್ನು ಅರಿತರೆ ಅರ್ಥವಾಗುತ್ತದೆ. ಪ್ರತಿ ಬೇನೆಯಲ್ಲೂ ಗರ್ಭಕೋಶ ಬಿಗಿದು ತನ್ನ ಗೋಡೆಯ ರಕ್ತನಾಳಗಳನ್ನು ತಾನೇ ಅದುಮುತ್ತದೆ. ಮಾಸಿಗೆ ಹರಿಯುವ ರಕ್ತ ಕೆಲವು ಕ್ಷಣ ತಗ್ಗುತ್ತದೆ, ಮಗುವಿಗೆ ಸಿಗುವ ಆಮ್ಲಜನಕವೂ ತಗ್ಗುತ್ತದೆ. ಕೆರೆಯಲ್ಲಿ ಮುಳುಗು ಹಾಕಿದ ಹುಡುಗ ಉಸಿರು ಬಿಗಿಹಿಡಿದು ಮೇಲೆದ್ದು ಮತ್ತೆ ಉಸಿರು ತುಂಬಿಕೊಳ್ಳುವಂತೆ, ಆರೋಗ್ಯವಂತ ಮಗು ಇದನ್ನು ಗಂಟೆಗಟ್ಟಲೆ ತಡೆದುಕೊಳ್ಳಬಲ್ಲದು. ತಲೆ ಅದುಮಿದಾಗ ಬೇನೆಯ ಜೊತೆಜೊತೆಗೇ ಎದೆಬಡಿತ ಇಳಿದು ಏರುತ್ತದೆ. ಹೊಕ್ಕುಳಬಳ್ಳಿ ಅದುಮಿದಾಗ ಒಮ್ಮೆಲೇ ಕುಸಿದು ಒಮ್ಮೆಲೇ ಮೇಲೇಳುತ್ತದೆ. ಇವು ಸಾಮಾನ್ಯವಾಗಿ ಮಗು ತನ್ನನ್ನು ತಾನು ಕಾಪಾಡಿಕೊಳ್ಳುತ್ತಿರುವ ಲಕ್ಷಣಗಳು. ಬೇನೆ ತುತ್ತತುದಿಗೆ ಹೋದ ಮೇಲೆ ಇಳಿಯಲು ಶುರುವಾಗಿ, ಬೇನೆ ಮುಗಿದ ಮೇಲೂ ಚೇತರಿಸಿಕೊಳ್ಳಲು ತಡಮಾಡುವ ಇಳಿತ ಮತ್ತೆ ಮತ್ತೆ ಕಂಡರೆ, ಜೊತೆಗೆ ಸಣ್ಣ ಏರಿಳಿತವೂ ಇಲ್ಲದ ಸಪಾಟು ಗೆರೆ ಕಂಡರೆ, ಆಗ ಹೆದರಬೇಕು. ಆದರೆ ಆ ಗೆರೆಯೂ ರೋಗವಲ್ಲ, ರೋಗದ ಅನುಮಾನ ಮಾತ್ರ. ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಒಂದೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆಯನ್ನು ಆಧರಿಸಿದ ಅಧ್ಯಯನ 1996ರಲ್ಲಿ ಪ್ರಕಟವಾಯಿತು. ಸೆರೆಬ್ರಲ್ ಪಾಲ್ಸಿಯನ್ನು ಮುನ್ಸೂಚಿಸುತ್ತವೆ ಎನ್ನುವ ಅತ್ಯಂತ ಭಯಾನಕ ಗ್ರಾಫ್‌ಗಳಲ್ಲೂ ಸುಳ್ಳು ಸೂಚನೆಯ ಪ್ರಮಾಣ ಶೇ. 99.8. ಅಂಥ ಗೆರೆ ಕಂಡ ಸಾವಿರ ಮಕ್ಕಳಲ್ಲಿ 998 ಮಕ್ಕಳಿಗೆ ಆ ವೈಕಲ್ಯ ಬರಲೇ ಇಲ್ಲ. ಮುಂದುವರಿದ ದೇಶಗಳಲ್ಲಿ ದಶಕಗಳ ಕಾಲ ಸಿಸೇರಿಯನ್ ಪ್ರಮಾಣ ಹಲವು ಪಟ್ಟು ಏರಿದರೂ ದಿನ ತುಂಬಿ ಹುಟ್ಟಿದ ಮಕ್ಕಳಲ್ಲಿ ಸೆರೆಬ್ರಲ್ ಪಾಲ್ಸಿ ಅದಕ್ಕೆ ತಕ್ಕಂತೆ ಇಳಿಯಲಿಲ್ಲ, ಏಕೆಂದರೆ ಅದರ ಬಹುಪಾಲು ಕಾರಣಗಳು ಬೇನೆಯ ಕೋಣೆಗೆ ಬರುವ ಮೊದಲೇ ಘಟಿಸಿರುತ್ತವೆ.

ಮನುಷ್ಯರು ಓದಿದರೆ ತಪ್ಪಾಗುತ್ತದೆ, ಕಂಪ್ಯೂಟರ್ ಓದಿದರೆ ಸರಿಹೋಗುತ್ತದೆ ಎಂಬ ಆಸೆಯನ್ನೂ ಪರೀಕ್ಷಿಸಿಯಾಗಿದೆ. ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ 46,000ಕ್ಕೂ ಹೆಚ್ಚು ಮಹಿಳೆಯರು ಭಾಗವಹಿಸಿದ್ದ ಇನ್‌ಫ್ಯಾಂಟ್ ಎಂಬ ಪ್ರಯೋಗದಲ್ಲಿ ಗ್ರಾಫನ್ನು ಕಂಪ್ಯೂಟರೇ ಓದಿ ಎಚ್ಚರಿಕೆ ನೀಡುತ್ತಿತ್ತು. 2017ರಲ್ಲಿ ಫಲಿತಾಂಶ ಬಂತು. ಮಕ್ಕಳ ಗತಿಯಲ್ಲಿ ವ್ಯತ್ಯಾಸವಾಗಲಿಲ್ಲ.

ಈಗ ನಮ್ಮ ಮನೆಯ ಲೆಕ್ಕ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 2015-16ರಲ್ಲಿ ಶೇ. 23.6ರಷ್ಟಿದ್ದ ಸಿಸೇರಿಯನ್ 2019-21ರಲ್ಲಿ ಶೇ. 31.5ಕ್ಕೆ ಏರಿತು. ಖಾಸಗಿ ಆಸ್ಪತ್ರೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೆರಿಗೆಗಳು ಸಿಸೇರಿಯನ್. ಇಡೀ ಸಮಾಜದ ಲೆಕ್ಕದಲ್ಲಿ ಸಿಸೇರಿಯನ್ ಶೇ. 10 ದಾಟಿದ ಮೇಲೆ ತಾಯಿ ಮಕ್ಕಳ ಸಾವು ಇನ್ನಷ್ಟು ಇಳಿಯುವುದಕ್ಕೆ ಆಧಾರವಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ. ಈ ಏರಿಕೆಗೆಲ್ಲ ಗ್ರಾಫ್ ಒಂದೇ ಕಾರಣ ಎಂದು ನಾನು ಹೇಳಲಾರೆ. ಹಣ, ಸಮಯ, ಭಯ, ಮುಹೂರ್ತ ನೋಡಿ ಹೆರಿಸುವ ಹುಚ್ಚು, ಎಲ್ಲವೂ ಇವೆ. ಆದರೆ ಬೇನೆ ಶುರುವಾದ ಮೇಲೆ ತೆಗೆದುಕೊಳ್ಳುವ ನಿರ್ಧಾರಗಳಿಗೆ ಎದುರಾಡಲಾಗದ ಸಮರ್ಥನೆ ಒದಗಿಸುವುದು ಆ ಕಾಗದದ ಸುರುಳಿಯೇ. "ಬಳ್ಳಿ ಕುತ್ತಿಗೆಗೆ ಸುತ್ತಿಕೊಂಡಿತ್ತು" ಎಂಬ ಮಾತೂ ಅದರ ಜೊತೆಗೆ ಬರುತ್ತದೆ. ಸುಮಾರು ನಾಲ್ಕೈದು ಹೆರಿಗೆಗೆ ಒಂದರಲ್ಲಿ ಬಳ್ಳಿ ಸುತ್ತಿಕೊಂಡೇ ಇರುತ್ತದೆ, ಮತ್ತು ಆ ಮಕ್ಕಳಲ್ಲಿ ಬಹುತೇಕರು ಯಾವ ತೊಂದರೆಯೂ ಇಲ್ಲದೆ ಸಹಜವಾಗಿ ಹುಟ್ಟುತ್ತಾರೆ ಎಂಬುದನ್ನು ಮನೆಯವರಿಗೆ ಯಾರು ಹೇಳಬೇಕು?

ಸಿಸೇರಿಯನ್‌ನ ಬೆಲೆ ಆ ದಿನದ ಬಿಲ್ಲಿನಲ್ಲಿ ಮುಗಿಯುವುದಿಲ್ಲ. ಮುಂದಿನ ಬಸಿರಿನಲ್ಲಿ ಮಾಸು ಹಳೆಯ ಗಾಯದ ಮೇಲೆ ಬೇರುಬಿಡಬಹುದು. ಮಾಸು ಗರ್ಭಕೋಶದ ಬಾಯಿಗೆ ಅಡ್ಡವಾಗಿ ಕೂತಿರುವ ಹೆಂಗಸಿಗೆ ಅದು ಗೋಡೆಯೊಳಗೇ ಅಂಟಿಕೊಂಡಿರುವ ಸಂಭವ ಮೊದಲ ಸಿಸೇರಿಯನ್‌ನಲ್ಲಿ ನೂರಕ್ಕೆ 3, ಎರಡನೆಯದರಲ್ಲಿ 11, ಮೂರನೆಯದರಲ್ಲಿ 40 ಎಂದು ಅಮೆರಿಕದ ದೊಡ್ಡ ಅಧ್ಯಯನವೊಂದು 2006ರಲ್ಲಿ ತೋರಿಸಿತು. ಅಂಥ ಮಾಸನ್ನು ಬಿಡಿಸಲು ಹೋದರೆ ರಕ್ತ ಕೊಡ ಕವುಚಿದಂತೆ ಹರಿಯುತ್ತದೆ, ಅನೇಕ ಬಾರಿ ಗರ್ಭಕೋಶವನ್ನೇ ತೆಗೆಯಬೇಕಾಗುತ್ತದೆ. ರಕ್ತನಿಧಿಯಿಲ್ಲದ ತಾಲ್ಲೂಕಿನ ಹೆಣ್ಣುಮಗಳಿಗೆ ಇದರ ಅರ್ಥ ಏನು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಬೇಡದ ಮೊದಲ ಸಿಸೇರಿಯನ್‌ಗೆ ಕಾರಣವಾದ ಸುಳ್ಳು ಎಚ್ಚರಿಕೆ ಮೂರು ನಾಲ್ಕು ವರ್ಷದ ನಂತರ ಬೇರೊಂದು ಆಸ್ಪತ್ರೆಯಲ್ಲಿ ತಾಯಿಯ ಜೀವಕ್ಕೆ ಎರವಾದಾಗ, ಎರಡನ್ನೂ ಜೋಡಿಸಿ ನೋಡುವವರು ಯಾರೂ ಇರುವುದಿಲ್ಲ.

ಹಾಗಾದರೆ ಸೂಲಗಿತ್ತಿಯರ ಕಾಲಕ್ಕೆ ಹೋಗೋಣವೇ ಎಂದು ಕೇಳುವವರಿದ್ದಾರೆ. ಇಲ್ಲ. ಪಾವಗಡದ ಸೂಲಗಿತ್ತಿ ನರಸಮ್ಮನವರು ಸಾವಿರಾರು ಹೆರಿಗೆ ಮಾಡಿಸಿದ ಮಹಾತಾಯಿ, 2018ರಲ್ಲಿ ಅವರಿಗೆ ಸಂದ ಪದ್ಮಶ್ರೀ ಇಡೀ ನಾಡಿಗೆ ಸಂದ ಗೌರವ. ಆದರೆ ಅವರ ಹೆಸರು ಹೇಳಿ ಮನೆ ಹೆರಿಗೆಯನ್ನು ವೈಭವೀಕರಿಸುವುದು ತಪ್ಪು. ಕರ್ನಾಟಕದಲ್ಲಿ ಇಂದು ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲಾಗುತ್ತಿವೆ, ಆಗಲೇಬೇಕು. ರಕ್ತ, ಆಪರೇಷನ್, ಮಗುವಿಗೆ ಉಸಿರು ಕೊಡುವ ಚೀಲ ಎಲ್ಲವೂ ಕೈಗೆಟುಕುವಲ್ಲಿ ಇರಬೇಕು. ನನ್ನ ಪ್ರಶ್ನೆ ಆಸ್ಪತ್ರೆಗೆ ಬಂದ ಆ ಹೆಂಗಸಿನ ಪಕ್ಕದಲ್ಲಿ ಯಾರಿದ್ದಾರೆ ಎಂಬುದು. ಸೂಲಗಿತ್ತಿಗೆ ಔಷಧಿ ಗೊತ್ತಿರಲಿಲ್ಲ, ಸೋಂಕಿನ ವಿಜ್ಞಾನ ಗೊತ್ತಿರಲಿಲ್ಲ, ಆದರೆ ಅವಳು ಬೇನೆಯ ಉದ್ದಕ್ಕೂ ಅಲ್ಲೇ ಕೂತಿರುತ್ತಿದ್ದಳು. ಆಸ್ಪತ್ರೆ ಔಷಧಿಯನ್ನೂ ವಿಜ್ಞಾನವನ್ನೂ ಕೊಟ್ಟಿತು, ಕೂತಿರುವವಳನ್ನು ಮಾತ್ರ ತೆಗೆದುಹಾಕಿತು.

ಅಪಾಯವಿಲ್ಲದ ಬಸಿರಿಗೆ ನಿರಂತರ ಯಂತ್ರ ಬೇಡ, ವಾರ್ಡಿಗೆ ಬಂದ ಕೂಡಲೇ ಎಲ್ಲರಿಗೂ ಒಂದು ಗ್ರಾಫ್ ತೆಗೆಯುವುದೂ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರ ಮಾರ್ಗಸೂಚಿಯಲ್ಲಿ ನೇರವಾಗಿ ಹೇಳಿದೆ. ಬಂದ ಕೂಡಲೇ ತೆಗೆಯುವ ಆ ಗ್ರಾಫ್ ಸಿಸೇರಿಯನ್ ಅನ್ನು ಸುಮಾರು ಶೇ. 20ರಷ್ಟು ಹೆಚ್ಚಿಸುತ್ತದೆ, ಮಕ್ಕಳಿಗೆ ಕಾಣುವಂಥ ಲಾಭವಿಲ್ಲ ಎಂಬುದು 13,000 ಮಹಿಳೆಯರ ಪ್ರಯೋಗಗಳಿಂದ ತಿಳಿದ ಸಂಗತಿ. ಬದಲಿಗೆ ಬೇಕಾದದ್ದು ಕೈಯಲ್ಲಿ ಹಿಡಿಯುವ ಡಾಪ್ಲರ್ ಅಥವಾ ಪಿನಾರ್ಡ್ ಕೊಳವೆ. ಬೇನೆ ಬಿರುಸಾದ ಮೇಲೆ ಕಾಲು ಗಂಟೆಯಿಂದ ಅರ್ಧ ಗಂಟೆಗೊಮ್ಮೆ, ಮುಕ್ಕುವ ಹಂತದಲ್ಲಿ ಐದು ನಿಮಿಷಕ್ಕೊಮ್ಮೆ, ಪ್ರತಿ ಸಲ ಒಂದು ಪೂರ್ಣ ನಿಮಿಷ, ಬೇನೆಯ ಹೊತ್ತಿನಲ್ಲೂ ಅದು ಇಳಿದ ಮೇಲೂ ಕೇಳಬೇಕು. ಆ ನಿಮಿಷದಲ್ಲೇ ತಾಯಿಯ ಮಣಿಕಟ್ಟಿನ ನಾಡಿಯನ್ನೂ ಹಿಡಿದಿರಬೇಕು, ಯಾಕೆಂದರೆ ತಾಯಿಯ ನಾಡಿಯನ್ನೇ ಮಗುವಿನದೆಂದು ತಿಳಿದು ಮೋಸಹೋಗುವುದುಂಟು. ಯಂತ್ರವೂ ಹಾಗೆ ಮೋಸಹೋಗುತ್ತದೆ. ಮಗು ಸೋಲುತ್ತಿರುವಾಗ ತಾಯಿಯ ನಾಡಿಯನ್ನು ಹಿಡಿದು ಚೆಂದದ ಗೆರೆ ಬಿಡಿಸುತ್ತಾ ಹೋಗುತ್ತದೆ.

ಇದು ಕೇಳಲು ಸುಲಭ, ಮಾಡಲು ಜನ ಬೇಕು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರತಂದ ಹೆರಿಗೆ ನಿಗಾ ನಕ್ಷೆಯ ಪ್ರಕಾರ ಬೇನೆ ಎಷ್ಟು ಬಾರಿ ಬರುತ್ತಿದೆ, ಎಷ್ಟು ಹೊತ್ತು ಇರುತ್ತದೆ ಎಂದು ತಿಳಿಯಲು ಅರ್ಧ ಗಂಟೆಗೊಮ್ಮೆ ಹತ್ತು ನಿಮಿಷ ಹೊಟ್ಟೆಯ ಮೇಲೆ ಕೈಯಿಟ್ಟು ಕೂರಬೇಕು. ಒಬ್ಬ ನರ್ಸ್ ಕೈಯಲ್ಲಿ ಬೇನೆ ತಿನ್ನುವ ನಾಲ್ವರಿದ್ದಾರೆ ಎಂದಿಟ್ಟುಕೊಳ್ಳಿ. ಬರೀ ಕೈಯಿಟ್ಟು ಕೂರುವ ಕೆಲಸಕ್ಕೇ ಗಂಟೆಗೆ 80 ನಿಮಿಷ ಬೇಕು. ಎದೆಬಡಿತ ಕೇಳುವುದು, ಬಿ.ಪಿ. ನೋಡುವುದು, ಡ್ರಿಪ್ ಬದಲಿಸುವುದು, ಕಾಗದ ಬರೆಯುವುದು, ಹುಟ್ಟಿದ ಮಗುವನ್ನು ಒರೆಸಿ ತಾಯಿಯ ಎದೆಗೆ ಹಾಕುವುದು ಇವೆಲ್ಲ ಇನ್ನೂ ಬಾಕಿ. ಗಂಟೆಯಲ್ಲಿ ಇರುವುದೇ 60 ನಿಮಿಷ. ಬೇನೆಯ ಪ್ರಗತಿಯನ್ನು ಆಗಾಗ ಗುರುತಿಸಬೇಕಾದ ಪಾರ್ಟೋಗ್ರಾಫ್ ನಕ್ಷೆಯ ಚುಕ್ಕೆಗಳನ್ನು ಹೆರಿಗೆಯಾದ ಮೇಲೆ ಕೂತು ಒಟ್ಟಿಗೇ ತುಂಬುವ ಪರಿಪಾಠ ಹುಟ್ಟಿದ್ದು ಇಲ್ಲಿಂದ. ಅದಕ್ಕಾಗಿ ನರ್ಸ್‌ಗಳನ್ನು ಬೈಯುವ ಅಧಿಕಾರಿಗಳು ಈ ಗುಣಾಕಾರವನ್ನು ಒಮ್ಮೆ ಮಾಡಿ ನೋಡಬೇಕು.

ನರ್ಸ್ ಇಲ್ಲದಿರುವುದರಿಂದಲೇ ಯಂತ್ರ ಬೇಕು ಎಂಬ ವಾದ ಇಲ್ಲಿ ಎದ್ದುಬರುತ್ತದೆ. ಇದು ಈ ಚರ್ಚೆಯ ಅತಿ ಪ್ರಬಲವಾದ ವಾದ, ಹಾಗೆಯೇ ಅತಿ ಅಪಾಯಕಾರಿಯಾದದ್ದು. ಗ್ರಾಫ್ ತನ್ನನ್ನು ತಾನು ಓದಿಕೊಳ್ಳುವುದಿಲ್ಲ. ಅದನ್ನು ನೋಡಲು, ಅರ್ಥ ಮಾಡಿಕೊಳ್ಳಲು, ತಾಯಿಯನ್ನು ಎಡಮಗ್ಗುಲಿಗೆ ತಿರುಗಿಸಲು, ಡ್ರಿಪ್ ನಿಲ್ಲಿಸಲು, ವೈದ್ಯರನ್ನು ಕರೆಯಲು ಒಬ್ಬರು ಬೇಕೇ ಬೇಕು. ಆ ಒಬ್ಬರು ಇಲ್ಲದ ಕೋಣೆಯಲ್ಲಿ ಯಂತ್ರ ಮಾಡುವ ಕೆಲಸವೆಂದರೆ ಆದ ಅನಾಹುತವನ್ನು ನಿಖರವಾಗಿ ದಾಖಲಿಸುವುದು ಮಾತ್ರ. ನಮಗಿಂತ ಹೆಚ್ಚು ನರ್ಸ್‌ಗಳಿರುವ ಬ್ರಿಟನ್‌ನಲ್ಲೇ ಹೆರಿಗೆ ಅನಾಹುತಗಳ ಪರಿಶೀಲನಾ ವರದಿಗಳಲ್ಲಿ ಗ್ರಾಫನ್ನು ತಪ್ಪಾಗಿ ಓದಿದ್ದು, ಓದಿಯೂ ಸಕಾಲಕ್ಕೆ ಎದ್ದು ನಿಲ್ಲದಿದ್ದುದು ಮತ್ತೆ ಮತ್ತೆ ಕಾಣಿಸುತ್ತದೆ.

ಡ್ರಿಪ್‌ನ ಮಾತು ಬಂತು. ನೋವು ಬರಿಸಲು, ಬಂದ ನೋವನ್ನು ಜೋರು ಮಾಡಲು ಹಾಕುವ ಆಕ್ಸಿಟೋಸಿನ್ ಸರಿಯಾದ ಕೈಯಲ್ಲಿ ಅಮೂಲ್ಯವಾದ ಔಷಧ. ಅವಸರದ ಕೈಯಲ್ಲಿ ಅದೇ ಮಗುವಿನ ಉಸಿರುಗಟ್ಟಿಸುತ್ತದೆ. ಹತ್ತು ನಿಮಿಷಕ್ಕೆ ಐದಕ್ಕಿಂತ ಹೆಚ್ಚು ಬೇನೆ ಬಂದರೆ ನಡುವೆ ಮಗು ಚೇತರಿಸಿಕೊಳ್ಳಲು ಸಮಯವೇ ಸಿಗುವುದಿಲ್ಲ. ಆಗ ಎದೆಬಡಿತ ಇಳಿಯುತ್ತದೆ, ಗ್ರಾಫ್ ಅದನ್ನು ತೋರಿಸುತ್ತದೆ, ಮಗುವನ್ನು ಉಳಿಸಲೆಂದು ಸಿಸೇರಿಯನ್ ಆಗುತ್ತದೆ. ಮನೆಯವರು ಯಂತ್ರಕ್ಕೂ ವೈದ್ಯರಿಗೂ ಕೈಮುಗಿಯುತ್ತಾರೆ. ಮೊದಲು ಡ್ರಿಪ್ ನಿಲ್ಲಿಸಿ ಹತ್ತು ನಿಮಿಷ ಕಾದು ನೋಡಿದರೇ ಎಂದು ಕೇಳುವವರಿಲ್ಲ. ಯಂತ್ರ ಇದೆ ಎಂಬ ಧೈರ್ಯದಿಂದಲೇ ಡ್ರಿಪ್‌ನ ವೇಗ ಏರಿಸುವುದನ್ನು ನಾನು ಅಪರಾಧ ಎಂದೇ ಕರೆಯುತ್ತೇನೆ.

ಯಂತ್ರದ ಮೇಲಿನ ಮೋಹದಿಂದ ಆದ ಇನ್ನೊಂದು ಅನ್ಯಾಯವೆಂದರೆ ತಾಯಿ ಮರೆಯಾಗಿದ್ದು. ಎಲ್ಲರ ಕಣ್ಣೂ ಮಗುವಿನ ಗೆರೆಯ ಮೇಲೆ. ತಾಯಿ ಸಾಯುವುದು ಹೆಚ್ಚಾಗಿ ರಕ್ತಸ್ರಾವದಿಂದ, ಏರಿದ ಬಿ.ಪಿ.ಯಿಂದ, ಸೋಂಕಿನಿಂದ. ಇವುಗಳಲ್ಲಿ ಒಂದನ್ನೂ ಆ ಬೆಲ್ಟ್ ಹಿಡಿಯುವುದಿಲ್ಲ. ಮೇಲಿನ ಬಿ.ಪಿ. 140, ಕೆಳಗಿನದು 90 ಮುಟ್ಟಿತೇ, ನಾಡಿ 120 ದಾಟಿತೇ, ಜ್ವರ 37.5 ಡಿಗ್ರಿ ಏರಿತೇ, ಒಡೆದ ನೀರು ಹಸಿರಾಗಿದೆಯೇ, ರಕ್ತ ಬೆರೆತಿದೆಯೇ, ಬೇನೆಗಳ ನಡುವೆಯೂ ಹೊಟ್ಟೆ ಕಲ್ಲಿನಂತೆ ಬಿಗಿದೇ ಇದೆಯೇ ಎಂಬುದನ್ನು ಕಣ್ಣು, ಕೈ, ಒಂದು ಬಿ.ಪಿ. ಉಪಕರಣ, ಒಂದು ಥರ್ಮಾಮೀಟರ್ ಹೇಳುತ್ತವೆ. ಮಗು ಹುಟ್ಟಿದ ಕೂಡಲೇ ಬೆಲ್ಟ್ ಬಿಚ್ಚುತ್ತಾರೆ, ಎಲ್ಲರೂ ಮಗುವಿನತ್ತ ತಿರುಗುತ್ತಾರೆ. ತಾಯಿಗೆ ಅತ್ಯಂತ ಅಪಾಯದ ಹೊತ್ತು ಶುರುವಾಗುವುದೇ ಆಗ.

ಇದಕ್ಕೆ ಉತ್ತರ ಕಂಡುಕೊಂಡವರಲ್ಲಿ ನಮ್ಮವರೇ ಇದ್ದಾರೆ ಎಂಬುದು ಎಷ್ಟು ಜನ ಕನ್ನಡಿಗರಿಗೆ ಗೊತ್ತು? ಬೆಳಗಾವಿಯ ಜೆ.ಎನ್. ವೈದ್ಯಕೀಯ ಕಾಲೇಜಿನ ತಂಡ 2002ರಿಂದ 2005ರವರೆಗೆ ಆ ಜಿಲ್ಲೆಯ ಹಳ್ಳಿಗಳಲ್ಲಿ 1,620 ಬಾಣಂತಿಯರ ನಡುವೆ ಒಂದು ಪ್ರಯೋಗ ನಡೆಸಿತು. ಸಹಾಯಕ ನರ್ಸ್‌ಗಳು ಹೆರಿಗೆಯಾದ ಕೂಡಲೇ ಮಿಸೊಪ್ರೊಸ್ಟಾಲ್ ಮಾತ್ರೆ ಕೊಟ್ಟರು. ಹೆಚ್ಚಿನ ರಕ್ತಸ್ರಾವ ಶೇ. 12ರಿಂದ 6.4ಕ್ಕೆ ಇಳಿಯಿತು. ಹರಿದ ರಕ್ತವನ್ನು ಕಣ್ಣಂದಾಜಿನಲ್ಲಿ ಬಿಡದೆ ಅಳೆಯಲು ಅವರು ತಾಯಿಯ ಕೆಳಗೆ ಹಾಸುವ, ಅಳತೆ ಗೆರೆಯುಳ್ಳ ಪ್ಲಾಸ್ಟಿಕ್ ಹಾಸು ಚೀಲವೊಂದನ್ನು ರೂಪಿಸಿದರು. ಕಣ್ಣಂದಾಜು ನಿಜವಾದ ರಕ್ತನಷ್ಟವನ್ನು ಮೂರನೆಯ ಒಂದು ಪಾಲು ಕಡಿಮೆ ತೋರಿಸುತ್ತದೆ ಎಂಬುದು ಅದರಿಂದ ಗೊತ್ತಾಯಿತು. 2023ರಲ್ಲಿ ಆಫ್ರಿಕಾದ ನಾಲ್ಕು ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳಲ್ಲಿ ಅಂಥದೇ ಅಳತೆ ಚೀಲವನ್ನೂ ಅದರ ಹಿಂದೆಯೇ ಒಟ್ಟಾಗಿ ಕೊಡುವ ಚಿಕಿತ್ಸೆಯನ್ನೂ ಬಳಸಿದಾಗ ತೀವ್ರ ರಕ್ತಸ್ರಾವದ ದುಷ್ಪರಿಣಾಮಗಳು ಶೇ. 60ರಷ್ಟು ಕಡಿಮೆಯಾದವು. ಒಟ್ಟು ಲೆಕ್ಕದಲ್ಲಿ ಸಾವನ್ನಾಗಲಿ ವೈಕಲ್ಯವನ್ನಾಗಲಿ ಇಳಿಸಿದ ಫಲಿತಾಂಶ ಸಿಟಿಜಿ ಯಂತ್ರಕ್ಕೆ ಅರ್ಧ ಶತಮಾನದಲ್ಲಿ ಬಂದಿಲ್ಲ. ಆದರೂ ಶಾಸಕರ ನಿಧಿಯಿಂದ, ದಾನಿಗಳ ಹಣದಿಂದ ಆಸ್ಪತ್ರೆಗೆ ಬಂದು ರಿಬ್ಬನ್ ಕತ್ತರಿಸಿಕೊಳ್ಳುವುದು ಯಂತ್ರವೇ ಹೊರತು ಪ್ಲಾಸ್ಟಿಕ್ ಚೀಲವಲ್ಲ.

ಜನರ ಬದಲು ಕಾಗದವನ್ನು ಇಟ್ಟರೂ ಸಾಲದು. ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಹೆರಿಗೆ ಪಟ್ಟಿಯನ್ನು ಮೊದಲು ಪರೀಕ್ಷಿಸಿದ್ದು ಕರ್ನಾಟಕದ ಉಪಜಿಲ್ಲಾ ಮಟ್ಟದ ಆಸ್ಪತ್ರೆಯೊಂದರಲ್ಲಿ. ಮಾಡಲೇಬೇಕಾದ 29 ಕೆಲಸಗಳಲ್ಲಿ ಸರಾಸರಿ ಹತ್ತು ಮಾತ್ರ ಆಗುತ್ತಿದ್ದದ್ದು 25ಕ್ಕೆ ಏರಿತು. ಅದೇ ಪಟ್ಟಿಯನ್ನು ಉತ್ತರ ಪ್ರದೇಶದ 120 ಆಸ್ಪತ್ರೆಗಳ ನಡುವಿನ ದೊಡ್ಡ ಪ್ರಯೋಗಕ್ಕೆ ಒಯ್ದಾಗ ರೂಢಿಗಳು ಸುಧಾರಿಸಿದವು, ಸಾವು ಇಳಿಯಲಿಲ್ಲ. ಪಟ್ಟಿಯಲ್ಲಿ ಗುರುತು ಹಾಕುವ ಕೈಗೆ ಕೌಶಲವೂ ಬಿಡುವೂ ಬೇಕು. ಕೇಂದ್ರ ಸರ್ಕಾರ 2018ರಲ್ಲಿ ಹದಿನೆಂಟು ತಿಂಗಳ ತರಬೇತಿ ಪಡೆದ ಮಿಡ್‌ವೈಫ್‌ಗಳ ವೃಂದವನ್ನು ಕಟ್ಟುವುದಾಗಿ ಮಾರ್ಗಸೂಚಿ ಹೊರಡಿಸಿತು. ನಿಜವಾಗಿ ಬೇಕಾದದ್ದು ಅದು.

ಯಂತ್ರವೇ ಬೇಡ ಎಂದು ಯಾರೂ ನನ್ನ ಮಾತನ್ನು ತಿರುಚಬಾರದು. ಬಿ.ಪಿ. ಏರಿದವರಿಗೆ, ಹೊಟ್ಟೆಯಲ್ಲಿ ಮಗು ಸರಿಯಾಗಿ ಬೆಳೆಯದವರಿಗೆ, ಹಿಂದೆ ಸಿಸೇರಿಯನ್ ಆಗಿ ಈಗ ಸಹಜ ಹೆರಿಗೆಗೆ ಪ್ರಯತ್ನಿಸುವವರಿಗೆ, ನೀರು ದಟ್ಟ ಹಸಿರಾಗಿ ಹೋಗುತ್ತಿರುವವರಿಗೆ, ಜ್ವರ ಬಂದವರಿಗೆ, ಆಕ್ಸಿಟೋಸಿನ್ ಡ್ರಿಪ್ ಇರುವವರಿಗೆ ಅದು ಬೇಕು. ಕೇಳುವಾಗ ಎದೆಬಡಿತ ಸಂಶಯ ಹುಟ್ಟಿಸಿದರೆ ತಕ್ಷಣ ಬೇಕು. ಅಂಥ ಹೊತ್ತಲ್ಲಿ ವೈದ್ಯರು ಸಿಸೇರಿಯನ್ ಎಂದರೆ ವಾದಕ್ಕೆ ನಿಲ್ಲಬೇಡಿ. ನಾನು ವಿರೋಧಿಸುವುದು ಎಲ್ಲರಿಗೂ ಕಟ್ಟಿ, ಕಟ್ಟಿದ ಮೇಲೆ ಎದ್ದು ಹೋಗುವುದನ್ನು.

ಬಸುರಿಯರಿಗೆ ಒಂದು ಮಾತು. ಮನೆಯಲ್ಲೇ ಎದೆಬಡಿತ ಕೇಳುವ ಪುಟ್ಟ ಡಾಪ್ಲರ್‌ಗಳು ಈಗ ಆನ್‌ಲೈನಿನಲ್ಲಿ ಸಿಗುತ್ತವೆ. ಕೊಳ್ಳಬೇಡಿ. ಮಗುವಿನ ಓಡಾಟ ಕಡಿಮೆಯಾದಾಗ ಅದರಲ್ಲಿ ಏನೋ ಡಬಡಬ ಕೇಳಿಸಿತೆಂದು ಮನೆಯಲ್ಲೇ ಉಳಿದುಬಿಡುವ ಅಪಾಯವಿದೆ, ಕೇಳಿಸಿದ್ದು ನಿಮ್ಮದೇ ನಾಡಿಯಾಗಿರಬಹುದು. ಒದೆತ ಕಡಿಮೆಯಾಗಿದೆ ಎನ್ನಿಸಿದರೆ, ತಲೆನೋವು ಬಿಡದಿದ್ದರೆ, ಕಣ್ಣು ಮಂಜಾದರೆ, ಎದೆಗುಂಡಿಯ ಹತ್ತಿರ ನೋವಿದ್ದರೆ, ರಕ್ತ ಕಂಡರೆ, ನೀರು ಹೋದರೆ, ಜ್ವರ ಬಂದರೆ ಬೆಳಗಾಗಲಿ ಎಂದು ಕಾಯದೆ ತಾಯಿ ಕಾರ್ಡ್ ಹಿಡಿದು ಹೊರಡಿ, 108ಕ್ಕೆ ಫೋನ್ ಮಾಡಿ. ಹೆರಿಗೆಯಾಗಿ ಮನೆಗೆ ಬಂದ ಮೇಲೂ ಇವೇ ಲಕ್ಷಣಗಳ ಬಗ್ಗೆ ಎಚ್ಚರ ಇರಲಿ.

ಮನೆಯವರಿಗೆ ಇನ್ನೊಂದು. ಆಸ್ಪತ್ರೆ ಆರಿಸುವಾಗ ಮೆಷಿನ್ ಇದೆಯೇ ಎಂದು ಕೇಳುತ್ತೀರಿ. ರಾತ್ರಿ ಪಾಳಿಯಲ್ಲಿ ಹೆರಿಗೆ ಕೋಣೆಯಲ್ಲಿ ಎಷ್ಟು ನರ್ಸ್‌ಗಳಿರುತ್ತಾರೆ, ಬೇನೆಯ ಹೊತ್ತಿನಲ್ಲಿ ಮನೆಯ ಹೆಂಗಸೊಬ್ಬರು ಜೊತೆಗಿರಲು ಬಿಡುತ್ತೀರಾ, ಎದೆಬಡಿತ ಎಷ್ಟು ಹೊತ್ತಿಗೊಮ್ಮೆ ಯಾರು ಕೇಳುತ್ತಾರೆ, ರಕ್ತ ಎಲ್ಲಿಂದ ಬರುತ್ತದೆ ಎಂದು ಕೇಳಿ. ನಿಮ್ಮ ತಾಲ್ಲೂಕು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯ ಮುಂದಿನ ಸಭೆಗೆ ಹೋಗಿ ಇನ್ನೊಂದು ಯಂತ್ರಕ್ಕಲ್ಲ, ಹೆರಿಗೆ ಕೋಣೆಯ ಖಾಲಿ ಹುದ್ದೆಗಳಿಗೆ ಅರ್ಜಿ ಕೊಡಿ. ಬೇನೆ ತಿನ್ನುವ ಇಬ್ಬರಿಗೆ ಕನಿಷ್ಠ ಒಬ್ಬ ನರ್ಸ್ ಬೇಕೆಂದು ಅದರಲ್ಲಿ ಸ್ಪಷ್ಟವಾಗಿ ಬರೆಯಿರಿ.